ಬ್ರೇಕ್ ಮೇಡಂ ಬ್ಲಾಗಿಗೆ ಬಾಗಿಲಿಟ್ಟ ಕಥೆ

ನನ್ನ ಹೆಂಡತಿಯನ್ನು ಊರೆಲ್ಲ ಬ್ರೇಕ್ ಮೇಡಂ ಎಂದು ಕರೆಯುತ್ತದೆ. ಎದುರಿಗಲ್ಲ, ಬೆನ್ನ ಹಿಂದೆ. ಅವಳು ಡ್ರೈವಿಂಗ್ ಕಲಿಸುವವಳು. ಅವಳ ಕಾರಿನಲ್ಲಿ ಕಲಿಯುವವರ ಕಾಲ ಬುಡದಲ್ಲಿ ಒಂದು ಬ್ರೇಕ್ ಇದ್ದರೆ, ಪಕ್ಕದ ಸೀಟಿನಲ್ಲಿ ಕೂತ ಅವಳ ಕಾಲ ಬುಡದಲ್ಲಿ ಇನ್ನೊಂದಿದೆ. ಎರಡನೆಯ ಬ್ರೇಕು ಎಲ್ಲ ಡ್ರೈವಿಂಗ್ ಶಾಲೆಗಳ ಕಾರಿನಲ್ಲೂ ಇರುವಂಥದ್ದೇ. ಆದರೆ ಇವಳಷ್ಟು ಧಾರಾಳವಾಗಿ ಅದನ್ನು ಬಳಸುವವರನ್ನು ನಾನು ಕಂಡಿಲ್ಲ. ರಸ್ತೆಯ ಆಚೆ ಒಂದು ಎಲೆ ಅಲ್ಲಾಡಿದರೆ ಸಾಕು, ಅವಳ ಕಾಲು ಇಳಿದಿರುತ್ತದೆ. ಗಾಡಿ ತಾನು ನಿಲ್ಲಿಸಿದ್ದೋ ಮೇಡಂ ನಿಲ್ಲಿಸಿದ್ದೋ ಎಂದು ಕಲಿಯುವವನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಹಾಗೆಂದು ಅವಳ ಹತ್ತಿರ ಕಲಿತವರು ಯಾರೂ ಗೋಡೆಗೆ ಗುದ್ದಿಲ್ಲ, ಅದನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಇದನ್ನು ಓದಿದ ಮೇಲೆ ನನಗೆ ಮನೆಯಲ್ಲಿ ಕಾಫಿ ಹುಟ್ಟುವುದಿಲ್ಲ.

ನಾನು ಬೋರ್ಡು ಮಾಡುವವನು. ಆಸ್ಪತ್ರೆಗಳಲ್ಲಿ, ದೊಡ್ಡ ಕಚೇರಿಗಳಲ್ಲಿ ‘ಎಕ್ಸ್-ರೇ ಎಡಕ್ಕೆ’, ‘ಹಣ ಕಟ್ಟುವಲ್ಲಿ ಬಲಕ್ಕೆ’ ಎಂದು ಬಾಣ ಹಾಕಿದ ಫಲಕಗಳಿರುತ್ತವಲ್ಲ, ಅವು ನನ್ನ ಕೈಕೆಲಸ. ದಾರಿ ತೋರಿಸುವುದೇ ಕಸುಬು ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬಕ್ಕೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಂಗಳಾರತಿ ಆಗುತ್ತದೆಂದು ಯಾರಿಗೆ ಗೊತ್ತಿತ್ತು!

ಮುಂದಿನ ಕೋಣೆ ಅಮ್ಮನದು. ಹೊಲಿಗೆ ಯಂತ್ರ, ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಸುರುಳಿಗಳು, ನೆಲದ ತುಂಬ ದಾರದ ತುಂಡು. ಅಮ್ಮ ಕಿಟಕಿಯ ಪರದೆ, ಸೋಫಾದ ಹೊದಿಕೆ ಹೊಲಿದು ಮನೆಮನೆಗೆ ಕೊಡುತ್ತಾಳೆ. ಹೊಲಿಯುವುದು ಅವಳ ಕೈಯಲ್ಲಿತ್ತು, ತಲುಪಿಸುವುದು ನನ್ನ ಕೈಯಲ್ಲಿತ್ತು. “ಬಂದೆ ಅಮ್ಮ, ಹತ್ತೇ ನಿಮಿಷ” ಎಂದು ನಾನು ಹೇಳಿದ ಹತ್ತು ನಿಮಿಷಗಳನ್ನು ಕೂಡಿಸಿದರೆ ಇನ್ನೊಂದು ಆಯುಷ್ಯ ಆಗುತ್ತದೆ ಎನ್ನುತ್ತಾಳೆ. ಕೊನೆಗೆ ನನ್ನ ಹಂಗೇ ಬೇಡವೆಂದು ಒಂದು ಹಳೆಯ ಬೂದು ಬಣ್ಣದ ವ್ಯಾನು ಕೊಂಡುಕೊಂಡಳು. ತಾನೇ ಓಡಿಸುತ್ತೇನೆ ಎಂದಳು.

ಸೊಸೆಯೇ ಗುರು, ಕಾರು ಮನೆ ಬಾಗಿಲಲ್ಲಿ, ಇನ್ನೇನು ಬೇಕು ಎಂದು ನಾನು ಕುಣಿದಾಡಿದೆ. ಮೊದಲ ಪಾಠಕ್ಕೆ ಇಬ್ಬರೂ ಕಾರಿನಲ್ಲಿ ಹೋದರು. ಕಾರಿನಲ್ಲಿ ವಾಪಸು ಬಂದದ್ದು ಹೆಂಡತಿ ಒಬ್ಬಳೇ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕೈಚೀಲ ಹಿಡಿದು ನಡೆದುಕೊಂಡು ಬಂದಳು.

“ಗಾಡಿ ಓಡಿಸಿದ್ದು ನಾನಲ್ಲ ಕಣೋ, ಅವಳ ಕಾಲು” ಎಂದಳು ನನಗೆ.

“ಅತ್ತೆ ಸೀದಾ ಕಸದ ತೊಟ್ಟಿ ಕಡೆ ಹೋಗ್ತಿದ್ರು ರೀ, ನಾನೇನು ಕೈಕಟ್ಟಿ ಕೂತಿರ್ಲಾ?” ಎಂದಳು ಇವಳು.

ಅವತ್ತಿನಿಂದ ಮನೆಯಲ್ಲಿ ಡ್ರೈವಿಂಗ್ ಎಂಬ ಮಾತೇ ಬಂದ್. ಅತ್ತೆ ಸೊಸೆ ಮಿಕ್ಕೆಲ್ಲದಕ್ಕೂ ಒಬ್ಬರಿಗೊಬ್ಬರು ಪ್ರಾಣ. ತಲೆನೋವು ಬಂದರೆ ಒಬ್ಬರ ಹಣೆ ಇನ್ನೊಬ್ಬರು ಒತ್ತುತ್ತಾರೆ. ಗಾಡಿಯ ಸುದ್ದಿ ಬಂದರೆ ಮಾತ್ರ ಇಬ್ಬರೂ ಕಿಟಕಿ ಕಡೆ ನೋಡುತ್ತಾರೆ. ಅಮ್ಮ ಎರಡು ಬೀದಿ ಆಚೆಯ ಬೇರೆ ಶಾಲೆಗೆ ಸೇರಿದಳು. ಅಲ್ಲಿಯ ಮೇಷ್ಟರಿಗೆ ಕಲಿಸುವುದಕ್ಕಿಂತ ಫೋನಿನಲ್ಲಿ ಮಾತಾಡುವ ಕೆಲಸ ಜಾಸ್ತಿ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು, ಎರಡು ಸಲವೂ ಒಂದೇ ಜಾಗದಲ್ಲಿ. ಏರಿನ ಮಧ್ಯೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡಿಸಬೇಕು. ಅಮ್ಮ ನಿಲ್ಲಿಸುತ್ತಿದ್ದಳು, ಗಾಡಿ ಜಾರುತ್ತಿತ್ತು, ಅವಳ ಕೈಕಾಲು ಆಡುತ್ತಿರಲಿಲ್ಲ.

“ಇನ್ನೊಂದೇ ಸಲ. ಆಗ್ಲಿಲ್ಲಾಂದ್ರೆ ವ್ಯಾನು ಬೇಕರಿಯವರಿಗೆ ಕೊಟ್ಬಿಡ್ತೀನಿ. ಆಮೇಲೆ ಯಾರೂ ನನ್ನ ಮುಂದೆ ಇದರ ಸುದ್ದಿ ಎತ್ತಬೇಡಿ” ಎಂದಳು. ಅಮ್ಮನ ಮಾತು ಕತ್ತರಿ ಇದ್ದ ಹಾಗೆ. ಒಂದು ಸಲ ಆಡಿತೆಂದರೆ ಬಟ್ಟೆ ಎರಡು ತುಂಡು. ಬೇಕರಿಯವರು ಬಂದು ವ್ಯಾನಿನ ಸುತ್ತ ಒಂದು ಸುತ್ತು ಹಾಕಿಯೂ ಹೋದರು.

ಇನ್ನು ಬ್ಲಾಗಿನ ವಿಷಯ. ಪಾಠದಿಂದ ಪಾಠಕ್ಕೆ ಬಿಡುವು ಸಿಕ್ಕಾಗ ಹೆಂಡತಿ ಕಾರನ್ನು ನೆರಳಿಗೆ ಹಾಕಿಕೊಂಡು ಫೋನಿನಲ್ಲಿ ಬರೆಯುತ್ತಾಳೆ. ‘ಮೊದಲ ಗೇರು’ ಎಂದು ಹೆಸರು. ವರ್ಷಗಳಿಂದ ಬರೆದದ್ದು ರಾಶಿ ಬಿದ್ದಿದೆ. ಎಷ್ಟು ಚೆನ್ನಾಗಿ ಬರೆಯುತ್ತಾಳೆ ಎಂದರೆ, ಪಕ್ಕದಲ್ಲಿ ಕೂತಾಗ ಗುಡುಗುವ ಹೆಂಗಸು ಇವಳೇನಾ ಎನಿಸುತ್ತದೆ. ‘ಎಡಗಾಲನ್ನು ನಿಧಾನವಾಗಿ ಎತ್ತಿ. ಮಲಗಿದ ಕೂಸಿನ ತಲೆಯಡಿಯಿಂದ ಕೈ ಎಳೆದುಕೊಳ್ಳುವಾಗ ಎಷ್ಟು ಹುಷಾರಾಗಿರುತ್ತೀರೋ ಅಷ್ಟು’ ಎಂದು ಬರೆದಿದ್ದಾಳೆ ಕ್ಲಚ್ಚಿನ ಬಗ್ಗೆ. ಅವಳು ಬರೆಯುವಾಗ ಹೆದರಿಕೊಂಡವರ ಪಕ್ಷ, ಕಲಿಸುವಾಗ ಮಾತ್ರ ಬ್ರೇಕಿನ ಪಕ್ಷ.

ಆದರೆ ಆ ಬ್ಲಾಗಿನೊಳಗೆ ಹೊಕ್ಕವರು ಹೊರಗೆ ಬರುವುದು ಕಷ್ಟ, ಬೇಕಾದ್ದನ್ನು ಹುಡುಕುವುದು ಇನ್ನೂ ಕಷ್ಟ. ಹೊಸದು ಮೇಲೆ, ಹಳೆಯದು ಪಾತಾಳದಲ್ಲಿ. ವಿಭಾಗಗಳನ್ನೇನೋ ಮಾಡಿದ್ದಳು, ಎಲ್ಲ ಗಾಡಿಯ ಭಾಗಗಳ ಹೆಸರಿನಲ್ಲಿ. ಕ್ಲಚ್, ಬ್ರೇಕ್, ಗೇರು, ಕನ್ನಡಿ, ಟೈರು, ಕೊನೆಗೆ ‘ಇತರೆ’. ಮುಕ್ಕಾಲು ಪಾಲು ಬರಹ ಆ ‘ಇತರೆ’ಯ ಹೊಟ್ಟೆಯಲ್ಲಿ. ಒಂದು ಬರಹ ಮುಗಿದರೆ ಅಡಿಯಲ್ಲಿ ಒಂದೇ ಒಂದು ಕೊಂಡಿ, ‘ಮುಂದಿನ ಪಾಠ’. ಬೇರೆ ಕಡೆ ತಿರುಗಲು ದಾರಿಯೇ ಇಲ್ಲ. ಮೊದಲ ಪುಟಕ್ಕೆ ಮರಳುವುದಕ್ಕೂ ಏನೂ ಇಲ್ಲ.

ಒಂದು ಮಧ್ಯಾಹ್ನ ಅಮ್ಮ ಮೇಜಿನ ಹಿಂದೆ ಕೂತು ಫೋನನ್ನು ಪರದೆಯ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಳು. ನಾನು ನೋಡಿಬಿಟ್ಟೆ.

“ಏನಮ್ಮ ಅದು?”

“ಬಾಗಿಲು ಹಾಕು ಮೊದಲು.” ಹಾಕಿದೆ. “ನಿನ್ನ ಹೆಂಡ್ತಿ ಬ್ಲಾಗು. ದಿನಾ ಓದ್ತೀನಿ. ಅವಳಿಗೆ ಹೇಳೀಯ ಮತ್ತೆ! ಆ ಏರಿನಲ್ಲಿ ಗಾಡಿ ಎತ್ತೋದು ಎಲ್ಲಿ ಬರೆದಿದಾಳೋ, ಹುಡುಕಿ ಹುಡುಕಿ ಕಣ್ಣು ಬಿದ್ದುಹೋಯ್ತು. ಏನು ಒತ್ತಿದ್ರೂ ಟೈರಿಗೆ ಗಾಳಿ ತುಂಬೋದೇ ಬರುತ್ತೆ.”

ದಾರಿ ತೋರಿಸುವುದೇ ನನ್ನ ಕಸುಬಲ್ಲವೇ! ಕೊಡಿಲ್ಲಿ ಎಂದು ಫೋನು ಇಸಿದುಕೊಂಡೆ. ಕ್ಲಚ್ಚಿನಲ್ಲಿ ನೋಡಿದೆ, ಇಲ್ಲ. ಬ್ರೇಕಿನಲ್ಲಿ ನೋಡಿದೆ, ಇಲ್ಲ. ‘ಇತರೆ’ಗೆ ಇಳಿದೆ. ಇಳಿದೆ, ಇಳಿದೆ, ತಲೆ ಮೊಸರು ಗಡಿಗೆಯಾಯಿತು. ಕೊನೆಗೆ ನನಗೂ ಟೈರಿಗೆ ಗಾಳಿ ತುಂಬುವುದೇ ಸಿಕ್ಕಿತು. ಅಮ್ಮ ನನ್ನ ಮುಖ ನೋಡಿ ಸೂಜಿಗೆ ದಾರ ಪೋಣಿಸತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಹೆದರಿದ ಮನುಷ್ಯ ಬಾಗಿಲಲ್ಲಿ ನಿಂತಿದ್ದಾನೆ, ಮದ್ದು ಒಳಗಿದೆ, ಮಧ್ಯೆ ಒಂದು ಬಾಣ ಇಲ್ಲ!

ಸಂಜೆ ಹೆಂಡತಿಯ ಮುಂದೆ ವಿಷಯ ತೆಗೆದೆ, ಅಮ್ಮನ ಹೆಸರು ಹೇಳದೆ. “ನಿನ್ನ ಬ್ಲಾಗಿಗೆ ಸರಿಯಾದ ದಾರಿ ಮಾಡೋಣ ಕಣೇ. ಯಾರಿಗೆ ಏನು ಬೇಕೋ ಅಲ್ಲಿಗೆ ನೇರ ಹೋಗೋ ಹಾಗೆ.”

“ನೇರ ಯಾಕೆ ಹೋಗಬೇಕು? ಕ್ಲಚ್ ಗೊತ್ತಿಲ್ಲದೋರು ರಿವರ್ಸಿಗೆ ಹೋಗಬಾರದು. ಒಂದಾದ ಮೇಲೆ ಒಂದು ಓದ್ಲಿ” ಎಂದಳು. ಬ್ಲಾಗಿನಲ್ಲೂ ಎರಡನೆಯ ಬ್ರೇಕು ಇಟ್ಟುಕೊಂಡಿದ್ದಾಳೆ ಪುಣ್ಯಾತ್ಗಿತ್ತಿ!

“ಹಾಗಾದ್ರೆ ನೀನೇ ಏರಿನ ಪಾಠ ಹುಡುಕಿ ಕೊಡು ನೋಡೋಣ. ಟೀ ಕುದಿಯೋದ್ರೊಳಗೆ.”

“ಅದೇನು ಮಹಾ” ಎಂದು ಫೋನು ತೆಗೆದಳು. ನಾನು ಟೀಗೆ ಇಟ್ಟೆ. ಟೀ ಕುದಿಯಿತು, ಉಕ್ಕಿತು, ಒಲೆ ಒರೆಸಿದೆ, ಎರಡು ಲೋಟಕ್ಕೆ ಸೋಸಿ ತಂದಿಟ್ಟೆ. ಅವಳು ಇನ್ನೂ ಬೆರಳಾಡಿಸುತ್ತಲೇ ಇದ್ದಳು. ಹುಬ್ಬು ಗಂಟಾಗಿತ್ತು, ಕಿವಿ ಕೆಂಪಾಗಿತ್ತು.

“ಬರೆದಿದೀನಿ ರೀ! ನನಗೆ ಚೆನ್ನಾಗಿ ನೆನಪಿದೆ! ಅದರಲ್ಲಿ ಕ್ಲಚ್ಚೂ ಇದೆ, ಬ್ರೇಕೂ ಇದೆ, ಆಕ್ಸಿಲರೇಟರೂ ಇದೆ, ಯಾವುದಕ್ಕೆ ಹಾಕ್ಲಿ ಅಂತ ಗೊತ್ತಾಗದೆ ‘ಇತರೆ’ಗೆ ಹಾಕ್ದೆ. ಹೆಸರು... ಹೆಸರೇನಿಟ್ಟೆ?” ಟೀ ತಣ್ಣಗಾದ ಮೇಲೆ ಸಿಕ್ಕಿತು. ‘ಎಡಗಾಲಿನ ತಾಳ್ಮೆ’ ಎಂದು ಹೆಸರಿಟ್ಟಿದ್ದಳು. ಏರು ಎಂಬ ಪದ ಶೀರ್ಷಿಕೆಯಲ್ಲಿ ಎಲ್ಲೂ ಇಲ್ಲ! ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣಲ್ಲಿ ಬೇರೆಯೇ ಹೊಳಪು.

“ನಾನು ಬರೆದದ್ದು ನನಗೇ ಸಿಗ್ತಿಲ್ಲ ಅಂದ್ರೆ ಪಾಪ, ಅವರ ಗತಿ? ಪೂರ್ತಿ ಕಿತ್ತು ಕಟ್ಟೋಣ. ಈ ಭಾನುವಾರವೇ!”

ಭಾನುವಾರ ನಮ್ಮ ಮನೆ ಮದುವೆಮನೆಯಾಯಿತು. ನಾನು ಬೋರ್ಡಿನ ಹಾಳೆಯೊಂದನ್ನು ಊಟದ ಮೇಜಿನ ಮೇಲೆ ಹಾಸಿ ದಪ್ಪ ಪೆನ್ನಿನಲ್ಲಿ ನಕ್ಷೆ ಬರೆದೆ. ಪ್ರತಿ ಪುಟದ ನೆತ್ತಿಯ ಮೇಲೆ ಮನೆಗೆ ಮರಳುವ ಗುಂಡಿ. ಅದರ ಪಕ್ಕ ಹುಡುಕುವ ಪೆಟ್ಟಿಗೆ. ಅದರ ಕೆಳಗೆ, ಆಸ್ಪತ್ರೆಯ ನಕ್ಷೆಗಳಲ್ಲಿ ‘ನೀವು ಇಲ್ಲಿದ್ದೀರಿ’ ಎಂದು ಕೆಂಪು ಚುಕ್ಕೆ ಇಡುತ್ತೇವಲ್ಲ, ಹಾಗೆ ಯಾವ ವಿಭಾಗದ ಯಾವ ಬರಹದಲ್ಲಿದ್ದೀರಿ ಎಂದು ತೋರಿಸುವ ಸಾಲು. ಇಷ್ಟರ ಮಟ್ಟಿಗೆ ಚೆನ್ನಾಗಿತ್ತು. ಆಮೇಲೆ ನನಗೆ ಉತ್ಸಾಹ ತಲೆಗೇರಿತು. ‘ಇತರೆ’ಯನ್ನು ಒಡೆದು ವಿಭಾಗ, ವಿಭಾಗದಡಿ ಉಪವಿಭಾಗ, ಅದರ ಹೊಟ್ಟೆಯಲ್ಲಿ ಮರಿವಿಭಾಗ ಮಾಡಿದೆ. ಕನ್ನಡಿಗೇ ಎಡ, ಬಲ, ನಡು ಎಂದು ಬಾಗಿಲುಗಳು. ಹೆಂಡತಿ “ಇದಕ್ಕೆ ಲಿಫ್ಟ್ ಇಡಬೇಕಾಗುತ್ತೆ ರೀ” ಎಂದಳು. ಆದರೂ ಅವಳೂ ನನ್ನ ಜೊತೆ ಕುಣಿಯುತ್ತಲೇ ಇದ್ದಳು. ಬರಹ ಒಂದೊಂದನ್ನೂ ಹೊಸ ಜಾಗಕ್ಕೆ ಎಳೆದು ಹಾಕುವಾಗ “ಅಯ್ಯೋ, ಇದನ್ನೂ ಬರೆದಿದ್ದೆನಾ!” ಎಂದು ಕೂಗಿ ಓದುವಳು. ಮಧ್ಯಾಹ್ನದ ಹೊತ್ತಿಗೆ ಹೊಸ ಬ್ಲಾಗು ಎದ್ದು ನಿಂತಿತು.

“ಇದನ್ನು ಏನೂ ಗೊತ್ತಿಲ್ಲದೋರ ಕೈಗೆ ಕೊಟ್ಟು ನೋಡಬೇಕು” ಎಂದೆ. ಬೋರ್ಡು ಹಾಕಿದ ಮೇಲೆ ಹೊಸಬರನ್ನು ಬಿಟ್ಟು ನೋಡುವುದು ನಮ್ಮ ಕಸುಬಿನ ಪದ್ಧತಿ. ಮನೆಯಲ್ಲಿ ಇದ್ದವರು ಇನ್ನೊಬ್ಬರೇ. ನಾನು ಮುಂದಿನ ಕೋಣೆಯ ಕಡೆ ನೋಡಿದೆ. ಹೆಂಡತಿ ಕಿಟಕಿಯ ಕಡೆ ನೋಡಿದಳು. ಆಮೇಲೆ “ಕರೀರಿ, ಅತ್ತೆ ಒಪ್ಪಿದ್ರೆ” ಎಂದಳು.

ಅಮ್ಮ ಕನ್ನಡಕ ಏರಿಸಿಕೊಂಡು ಬಂದು ಕೂತಳು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತಳು. ಫೋನು ಅಮ್ಮನ ಕೈಯಲ್ಲಿ.

“ಅತ್ತೆ, ಏರಿನಲ್ಲಿ ಗಾಡಿ ಎತ್ತೋ ಪಾಠ ಹುಡುಕಿ ನೋಡಿ.”

ಅಮ್ಮನ ಬೆರಳು ‘ಟೈರು’ ಕಡೆ ಹೋಯಿತು. “ಅಲ್ಲಲ್ಲ, ಅದಲ್ಲ, ಮೇಲೆ” ಎಂದಳು ಹೆಂಡತಿ. ಅಮ್ಮ ಮೇಲೆ ಹೋದಳು. “ಎಡಕ್ಕೆ ಅತ್ತೆ, ಎಡಕ್ಕೆ, ಅಯ್ಯೋ ಅದು ಬಲ.” ಅಮ್ಮನ ಬೆರಳು ನಿಂತಿತು. ಇನ್ನೇನು ಅದು ಕೆಳಗೆ ಇಳಿಯಬೇಕು, ಅಷ್ಟರಲ್ಲಿ ಹೆಂಡತಿಯ ಕೈ ಚಾಚಿ ತಾನೇ ಒತ್ತಿಬಿಟ್ಟಿತು.

ಅಮ್ಮ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಕೋಪವಿರಲಿಲ್ಲ ಮುಖದಲ್ಲಿ. ಇದ್ದಿದ್ದರೆ ವಾಸಿಯಿತ್ತು.

“ನೋಡಮ್ಮ, ಇದೇ. ಅವತ್ತು ಗಾಡೀಲೂ ಇದೇ ಆಯ್ತು. ನಾನು ತಪ್ಪು ಮಾಡೋಕೂ ಬಿಡ್ಲಿಲ್ಲ ನೀನು. ತಪ್ಪು ಮಾಡದೆ ನನಗೆ ದಾರಿ ಹೇಗೆ ಗೊತ್ತಾಗಬೇಕು? ಎರಡು ಸಲ ಆ ಏರಿನಲ್ಲಿ ಗಾಡಿ ಜಾರಿದಾಗ ನಾನು ಏನು ಮಾಡ್ತಿದ್ದೆ ಗೊತ್ತಾ? ಇನ್ನೊಬ್ಬರು ಬ್ರೇಕ್ ಹಾಕ್ತಾರೆ ಅಂತ ಕಾಯ್ತಾ ಕೂತಿದ್ದೆ.”

ಈಗ ಇವಳೂ ಮುನಿಸಿಕೊಂಡರೆ ವ್ಯಾನು ನೆಟ್ಟಗೆ ಬೇಕರಿಗೆ ಹೋಗುತ್ತದೆ. ಹೆಂಡತಿ ತನ್ನ ಎರಡೂ ಅಂಗೈಗಳನ್ನು ತೊಡೆಯಡಿ ತೂರಿಸಿ ಅವುಗಳ ಮೇಲೆ ಕೂತುಬಿಟ್ಟಳು.

“ಇನ್ನೊಂದು ಸಲ ಹುಡುಕಿ ಅತ್ತೆ. ನಾನು ಉಸಿರೆತ್ತಲ್ಲ.”

ಅಮ್ಮ ಹುಡುಕಿದಳು. ತಪ್ಪು ಬಾಗಿಲಿಗೆ ಹೋದಳು, ಮರಳಿದಳು, ನನ್ನ ಮರಿವಿಭಾಗಗಳಲ್ಲಿ ಸಿಕ್ಕಿಕೊಂಡು ಬೈದಳು. ಹೆಂಡತಿ ತುಟಿ ಕಚ್ಚಿಕೊಂಡು, ಹಣೆ ಬೆವೆತು, ಕೂತೇ ಇದ್ದಳು. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

“ಇದು ಗಾಳಿ ತುಂಬೋದರ ಆಚೆಗೆ, ಆ ಲಾರಿ ಕಥೆ ಪಕ್ಕದಲ್ಲಿ ಇದ್ದಿರಬೇಕು” ಎಂದು ಅಮ್ಮ ಗೊಣಗಿದಳು.

“ನಾನು ಯಾವತ್ತೋ ಬರೆದ ಲಾರಿ ಕಥೆ ನಿಮಗೆ ಹೇಗೆ ಗೊತ್ತು?” ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. “ಅತ್ತೆ! ನೀವು ನನ್ನ ಬ್ಲಾಗು ಓದ್ತೀರಾ?”

“ಓದ್ತಾಳೆ, ದಿನಾ ಓದ್ತಾಳೆ, ಬಟ್ಟೆಯೊಳಗೆ ಬಚ್ಚಿಟ್ಕೊಂಡು!” ನನ್ನ ಬಾಯಿ ಬೀಗ ಒಡೆದುಕೊಂಡಿತು.

“ಚೆನ್ನಾಗಿ ಬರೀತೀಯ” ಎಂದಳು ಅಮ್ಮ, ಕನ್ನಡಕ ತೆಗೆದು ಒರೆಸುತ್ತ. “ಸಿಗೋದೇ ಇಲ್ಲ ಅಷ್ಟೆ.” ಹೆಂಡತಿ ಅಳುವೋ ನಗುವೋ ಗೊತ್ತಾಗದೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

“ಹೆದರಿಕೆ ಆದಾಗ ನಿಮ್ಮ ತಲೆಯಲ್ಲಿ ಯಾವ ಮಾತು ಬರುತ್ತೆ ಅತ್ತೆ? ಅದನ್ನೇ ಹೇಳಿ, ಹಾಗೇ ಹೇಳಿ.”

“ಕ್ಲಚ್ ಗಿಚ್ ಅಂತೂ ಬರಲ್ಲ. ‘ಅಯ್ಯೋ, ಏರಿನಲ್ಲಿ ನಿಂತುಬಿಟ್ಟೆ’ ಅಂತ ಬರುತ್ತೆ. ‘ಹಿಂದಿನವನು ಹಾರ್ನ್ ಹೊಡೀತಿದಾನೆ’ ಅಂತ ಬರುತ್ತೆ.”

ನನ್ನ ನಕ್ಷೆಯ ಹಾಳೆಯನ್ನು ಹೆಂಡತಿ ಮಗುಚಿ ಹಾಕಿದಳು. ಹಿಂಬದಿಯಲ್ಲಿ ಅಮ್ಮ ಹೇಳಿದ್ದನ್ನೆಲ್ಲ ದಪ್ಪ ಪೆನ್ನಿನಲ್ಲಿ ಬರೆಯುತ್ತ ಹೋದಳು. ‘ಗಾಡಿ ಆಫ್ ಆಗಿಹೋಯ್ತು’. ‘ಸಂದಿಯಲ್ಲಿ ಸಿಕ್ಕಿಕೊಂಡೆ’. ‘ಪಕ್ಕದಲ್ಲಿ ಕೂತವರು ಬೈತಿದಾರೆ’. ಈ ಕೊನೆಯದನ್ನು ಬರೆಯುವಾಗ ಅವಳ ಪೆನ್ನು ನಿಲ್ಲಲಿಲ್ಲ, ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಯಿತು. ಮೆನುವಿನಲ್ಲಿ ಅವೇ ವಿಭಾಗಗಳಾದವು, ಬೆರಳೆಣಿಕೆಯಷ್ಟು. ಮರಿವಿಭಾಗಗಳೆಲ್ಲ ಗುಡಿಸಿ ಹೊರಗೆ. ‘ಎಡಗಾಲಿನ ತಾಳ್ಮೆ’ ಏರಿನ ಬಾಗಿಲೊಳಗೆ ಎಲ್ಲಕ್ಕಿಂತ ಮುಂದೆ ಕೂತಿತು. ‘ಮುಂದಿನ ಪಾಠ’ ಎಂಬ ಒಂಟಿ ಕೊಂಡಿಯ ಜಾಗದಲ್ಲಿ ‘ಇನ್ನೂ ಭಯವಾಗ್ತಿದೆಯೇ? ಇವನ್ನೂ ನೋಡಿ’ ಎಂದು ಅದೇ ಭಯದ ಮೂರ್ನಾಲ್ಕು ಬರಹ. ಕೊನೆಗೆ ಅಮ್ಮ “ಪಾಸಾದ ಮೇಲೆ ಒಬ್ಬಳೇ ಹೊರಡ್ತೀನಲ್ಲ, ಅದಕ್ಕೆ?” ಎಂದಳು. ಅದರ ಬಗ್ಗೆ ಹೆಂಡತಿ ಒಂದಕ್ಷರವನ್ನೂ ಬರೆದಿರಲಿಲ್ಲ. ಪಾಸಾದವರು ಮತ್ತೆ ಅವಳ ಪಕ್ಕ ಕೂರುವುದಿಲ್ಲವಲ್ಲ. ಆದರೂ ‘ಒಬ್ಬಳೇ ಹೊರಟೆ’ ಎಂದು ಒಂದು ಬಾಗಿಲು ಇಟ್ಟೆವು. ಒಳಗೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ತಾನಾಗಿಯೇ ಹೋಗಿ ತರಬೇತಿ ಕಾರಿನ ಬಾಗಿಲು ತೆಗೆದು ಕೂತಳು. ನಾನು ಹಿಂದಿನ ಸೀಟಿನಲ್ಲಿ. ನೀರಿನ ಟ್ಯಾಂಕಿನ ಪಕ್ಕದ ಏರಿನ ನಡುವೆ ಅಮ್ಮ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಹೆಂಡತಿ ಚಪ್ಪಲಿ ಕಳಚಿದಳು. ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

“ಇದೇನೇ?” ಎಂದೆ ನಾನು, ಜೀವ ಬಾಯಿಗೆ ಬಂದು.

“ಕಾಲು ಇಳಿಸಿ ಬ್ರೇಕ್ ಒತ್ತಬೇಕು ಅಂದ್ರೂ ನನಗೆ ಹೊತ್ತು ಬೇಕು ಈಗ. ಅತ್ತೆ, ನಿಮ್ಮ ಗಾಡಿ.”

ಅಮ್ಮ ಹ್ಯಾಂಡ್‌ಬ್ರೇಕ್ ಬಿಟ್ಟಳು, ಗಾಡಿ ಹಿಂದಕ್ಕೆ ಜಾರಿತು. ಹೆಂಡತಿ ಮಂಡಿಗಳನ್ನು ಕೈಯಿಂದ ಅವುಚಿಕೊಂಡಳು. ಅಮ್ಮ “ಅಮ್ಮಾ!” ಎಂದು ಕೂಗಿ ತಾನೇ ಬ್ರೇಕ್ ಒತ್ತಿದಳು. ನಿಂತಿತು. ಮತ್ತೆ ಎತ್ತಿದಳು, ಆಫ್ ಆಯಿತು. ಮತ್ತೆ. ಎಂಜಿನ್ನಿನ ಸದ್ದು ದಪ್ಪವಾಗುವವರೆಗೆ ಎಡಗಾಲನ್ನು ಕೂಸಿನ ತಲೆಯಡಿಯಿಂದ ಎಳೆದ ಹಾಗೆ ಎಳೆದು, ಬಲಗಾಲು ಮೆಲ್ಲಗೆ ಒತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾರು ಮುಂದಕ್ಕೆ, ಮೇಲಕ್ಕೆ, ಹೊರಟೇಹೋಯಿತು! ನಾನು ಹಿಂದೆ ಕೂತು ಚಪ್ಪಾಳೆ ಹೊಡೆದೆ. ಇಬ್ಬರೂ ಒಟ್ಟಿಗೆ “ಸುಮ್ನಿರಿ”, “ಸುಮ್ನಿರೋ” ಎಂದು ಗದರಿದರು. ಅಷ್ಟು ಖುಷಿ ನನಗೆ ಬೈಸಿಕೊಂಡಾಗ ಯಾವತ್ತೂ ಆಗಿಲ್ಲ.

ಪರೀಕ್ಷೆಯ ದಿನ ನಾವಿಬ್ಬರೂ ಮೈದಾನದ ಬೇಲಿಯಾಚೆ ನಿಂತಿದ್ದೆವು. ಪರೀಕ್ಷೆ ಮಾಡುವ ಸಾಹೇಬರು ಅಮ್ಮನ ಪಕ್ಕದಲ್ಲಿ ಕೂತು ಏನೋ ಹೇಳಿದರು. ಏರಿನ ನಡುವೆ ಅಮ್ಮನ ಕಾರು ನಿಂತಿತು. ನಿಂತೇ ಇತ್ತು. ಹಿಂದೆ ಸಾಲಿನಲ್ಲಿದ್ದವನೊಬ್ಬ ಹಾರ್ನ್ ಹೊಡೆದ. ಹೆಂಡತಿ ನನ್ನ ತೋಳನ್ನು ಹಿಡಿದದ್ದು ಎಷ್ಟು ಬಿಗಿಯೆಂದರೆ ಉಗುರಿನ ಗುರುತು ಬಿತ್ತು. ಕಾರು ಒಂದು ಗೇಣೂ ಜಾರದೆ ಮೇಲೇರಿತು. ಬ್ರೇಕ್ ಮೇಡಂ ಬೇಲಿಯ ಮುಂದೆ, ಅಷ್ಟು ಜನರೆದುರು, ಸಿಳ್ಳೆ ಹೊಡೆದಳು. ಅವಳಿಗೆ ಸಿಳ್ಳೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬೇಕರಿಯವರಿಗೆ ನಾನೇ ಫೋನು ಮಾಡಿ, ವ್ಯಾನು ಕೊಡುವುದಿಲ್ಲ ಎಂದು ಹೇಳುವ ಸುಖ ಅನುಭವಿಸಿದೆ.

ಲೈಸೆನ್ಸು ಕೈಗೆ ಬಂದ ಬೆಳಿಗ್ಗೆ ಅಮ್ಮ ಒಂದು ಜೊತೆ ಹಸಿರು ಪರದೆ ಮಡಚಿ ವ್ಯಾನಿನೊಳಗೆ ಇಟ್ಟಳು. “ನಾನೂ ಬರ್ಲಾ ಅತ್ತೆ?” ಎಂದಳು ಹೆಂಡತಿ. “ಬೇಡಮ್ಮ” ಎಂದಳು ಅಮ್ಮ. ಹೋದಳು. ನಾನು ಒಂದು ಬೋರ್ಡಿಗೆ ಬಣ್ಣ ಹಚ್ಚಲು ಹೋಗಿ ಬಾಣವನ್ನು ಉಲ್ಟಾ ಬರೆದೆ. ಹೆಂಡತಿ ಆ ದಿನದ ಮೊದಲ ಪಾಠವನ್ನು ಮುಂದೂಡಿ ಬಾಗಿಲಲ್ಲೇ ನಿಂತಳು. ಅಮ್ಮ ಬಂದಳು, ವ್ಯಾನನ್ನು ಗೋಡೆಯ ಪಕ್ಕಕ್ಕೆ ಅಚ್ಚುಕಟ್ಟಾಗಿ ನಿಲ್ಲಿಸಿದಳು, ನಮ್ಮಿಬ್ಬರ ಕಡೆ ಒಮ್ಮೆ ನೋಡಿ, ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನಿಗೆ ಅಮ್ಮನಿಂದ ಒಂದು ಸಂದೇಶ ಬಂತು. ‘ಒಬ್ಬಳೇ ಹೊರಟೆ ಅನ್ನೋ ಬಾಗಿಲೊಳಗೆ ಇದನ್ನು ಹಾಕು’ ಎಂದು ಮೊದಲ ಸಾಲು. ಅದರ ಕೆಳಗೆ ಅಮ್ಮ ಬರೆದದ್ದು ಇಷ್ಟೇ. ಹೆಂಡತಿ ಒಂದಕ್ಷರ ತಿದ್ದದೆ ಹಾಗೆಯೇ ಹಾಕಿದಳು:

‘ಪಕ್ಕದ ಸೀಟಿನಲ್ಲಿ ಪರದೆ ಇಟ್ಟುಕೊಂಡಿದ್ದೆ. ತಿರುವಿನಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಬಿತ್ತು, ವ್ಯಾನು ನಿಂತಿತು, ನಾಯಿ ತನ್ನ ಪಾಡಿಗೆ ಹೋಯಿತು. ಯಾರು ಬ್ರೇಕ್ ಹಾಕಿದರು ಎಂದು ಪಕ್ಕಕ್ಕೆ ನೋಡಿದೆ. ನಾನೇ ಹಾಕಿದ್ದೆ.’